ದೊಡ್ಡ ಕುಟುಂಬದ ಸಾಲ ಮತ್ತು ಮನೆಯ ಆಯವ್ಯಯ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

(ಧಾರವಾಡ ಜಿಲ್ಲೆಯ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಪ್ರತಿಯೊಂದು ಗ್ರಾಮ ಪಂಚಾಯತಿಯು ವರ್ಷಕ್ಕೊಮ್ಮೆ ಆಯವ್ಯಯ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಬರುವ ಅನುದಾನ ಎಷ್ಟು, ಸ್ವಂತ ತೆರಿಗೆ ಎಷ್ಟು, ಯಾವ ಕಾಮಗಾರಿಗೆ ಎಷ್ಟು ಎಂಬುದನ್ನು ಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯಲಾಗುತ್ತದೆ. ಖರ್ಚಾದ ಹಣಕ್ಕೆ ಜಮಾಬಂದಿಯಲ್ಲಿ ಜನರ ಎದುರು ಲೆಕ್ಕ ಒಪ್ಪಿಸಲಾಗುತ್ತದೆ. ಆದರೆ ಅದೇ ಗ್ರಾಮದಲ್ಲಿ ಹದಿನಾಲ್ಕು ಅಥವಾ ಇಪ್ಪತ್ತು ಜನರಿರುವ ಒಂದು ಮನೆಯಲ್ಲಿ ವರ್ಷಕ್ಕೆ ನಾಲ್ಕೈದು ಲಕ್ಷ ರೂಪಾಯಿ ಬಂದು ಹೋದರೂ ಅದಕ್ಕೊಂದು ಪಟ್ಟಿ ಇರುವುದಿಲ್ಲ, ಸಭೆ ಇರುವುದಿಲ್ಲ, ಲೆಕ್ಕವನ್ನು ಕೇಳುವವರೂ ಇರುವುದಿಲ್ಲ. ಬಹುಪಾಲು ಮನೆಗಳ ಸಾಲವು ಬೆಳೆಯುವುದು ಈ ಕೊರತೆಯ ನೆರಳಿನಲ್ಲಿ. ಸಾರ್ವಜನಿಕ ಹಣದ ಲೆಕ್ಕವನ್ನು ಬಲ್ಲ ಸದಸ್ಯರು ಮನೆಯ ಲೆಕ್ಕದ ವಿಷಯದಲ್ಲಿಯೂ ಊರಿಗೆ ದಾರಿ ತೋರಬಲ್ಲರು ಎಂಬುದೇ ಈ ಉಪನ್ಯಾಸದ ಆಶಯ.

ಅವಿಭಕ್ತ ಕುಟುಂಬದ ಬಲ ಮತ್ತು ದೌರ್ಬಲ್ಯ

ಧಾರವಾಡ ಜಿಲ್ಲೆಗೆ ದೊಡ್ಡ ಕುಟುಂಬ ಹೊಸದಲ್ಲ. ಧಾರವಾಡ ತಾಲೂಕಿನ ಲೋಕೂರಿನ ನರಸಿಂಗನವರ ಮನೆತನವು ನೂರಕ್ಕೂ ಹೆಚ್ಚು ಸದಸ್ಯರು ಒಂದಾಗಿ ಬಾಳುವ ಅವಿಭಕ್ತ ಕುಟುಂಬವೆಂದು ನಾಡಿನಾಚೆಗೂ ಹೆಸರಾಗಿದೆ. ಅಷ್ಟು ದೊಡ್ಡದಲ್ಲದಿದ್ದರೂ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುವ ಮನೆಗಳು ನವಲಗುಂದ, ಕುಂದಗೋಳ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಇವೆ. ಇಂಥ ಮನೆಗೆ ಅದರದೇ ಬಲವಿದೆ. ಒಬ್ಬರು ಕಾಯಿಲೆ ಬಿದ್ದರೆ ಹೊಲದ ಕೆಲಸ ನಿಲ್ಲುವುದಿಲ್ಲ; ಒಂದು ಜೊತೆ ಎತ್ತು, ಒಂದು ಟ್ರ್ಯಾಕ್ಟರ್ ಎಲ್ಲರಿಗೂ ಸಾಲುತ್ತದೆ; ಒಬ್ಬನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕರೆ ಮಳೆ ಕೈಕೊಟ್ಟ ವರ್ಷವೂ ಮನೆಗೆ ನಗದು ಬರುತ್ತದೆ.

ದೌರ್ಬಲ್ಯವೂ ಅದೇ ಒಗ್ಗಟ್ಟಿನೊಳಗೆ ಅಡಗಿದೆ. ದುಡಿಮೆ ಎಲ್ಲರದಾದರೂ ಸಾಲ ಮಾತ್ರ ಒಬ್ಬೊಬ್ಬರ ಹೆಸರಿನಲ್ಲಿ ಹುಟ್ಟುತ್ತದೆ. ಹಿರಿಯನು ಸಹಕಾರ ಸಂಘದಲ್ಲಿ ಬೆಳೆಸಾಲ ಪಡೆದಿರುತ್ತಾನೆ. ಎರಡನೆಯವನು ಅಡತಿ ಅಂಗಡಿಯಲ್ಲಿ ಮುಂಗಡ ಎತ್ತಿರುತ್ತಾನೆ. ಮೂರನೆಯವನ ಹೆಂಡತಿಯ ಬಂಗಾರ ಅಡವಿನಲ್ಲಿರುತ್ತದೆ. ಸೊಸೆಯಂದಿರು ಸಂಘದಲ್ಲಿಯೂ ಕಿರುಸಾಲ ಸಂಸ್ಥೆಯಲ್ಲಿಯೂ ಸಹಿ ಹಾಕಿರುತ್ತಾರೆ. ಯಾರೂ ಯಾರಿಗೂ ಸುಳ್ಳು ಹೇಳಿರುವುದಿಲ್ಲ. ಆದರೆ ಒಟ್ಟು ಮೊತ್ತ ಯಾರಿಗೂ ಗೊತ್ತಿರುವುದಿಲ್ಲ. ಅದು ಗೊತ್ತಾಗುವುದು ಸಾಮಾನ್ಯವಾಗಿ ಪಾಲಿನ ಪಂಚಾಯಿತಿ ಕೂಡಿದ ದಿನ, ಅಂದರೆ ಏನನ್ನೂ ಸರಿಪಡಿಸಲು ಸಾಧ್ಯವಾಗದ ಹೊತ್ತಿನಲ್ಲಿ.

ವರ್ಷದ ಹಣದ ಹರಿವು

ಈ ಭಾಗದ ಎರೆಭೂಮಿಯ ಒಕ್ಕಲುತನದಲ್ಲಿ ಹಣ ತಿಂಗಳಿಗೊಮ್ಮೆ ಬರುವುದಿಲ್ಲ. ಹೆಸರು ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ಉಳ್ಳಾಗಡ್ಡಿ, ಗೋವಿನಜೋಳ ಅನಂತರ ಬರುತ್ತವೆ. ಹತ್ತಿ, ಮೆಣಸಿನಕಾಯಿಗಳ ಹಣ ಚಳಿಗಾಲದಲ್ಲಿ ಬಂದರೆ, ಹಿಂಗಾರಿನ ಕಡಲೆ, ಬಿಳಿಜೋಳ, ಕುಸುಬೆಗಳು ಫೆಬ್ರವರಿ, ಮಾರ್ಚ್‌ಗೆ ಮುಗಿಯುತ್ತವೆ. ಅಲ್ಲಿಂದ ಆಗಸ್ಟ್‌ವರೆಗೆ ಹೊಲದಿಂದ ಬರುವುದು ಬಹುಮಟ್ಟಿಗೆ ಶೂನ್ಯ.

ಖರ್ಚಿನ ಕ್ರಮ ಇದಕ್ಕೆ ವಿರುದ್ಧವಾಗಿದೆ. ಏಪ್ರಿಲ್, ಮೇ ತಿಂಗಳುಗಳು ಮದುವೆ ಮತ್ತು ಜಾತ್ರೆಯ ಕಾಲ. ಜೂನ್‌ನಲ್ಲಿ ಬೀಜ, ಗೊಬ್ಬರ ಮತ್ತು ಶಾಲೆ-ಕಾಲೇಜಿನ ಶುಲ್ಕ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಕಾರಹುಣ್ಣಿಮೆ, ನಾಗರ ಪಂಚಮಿಗಳು ಅದರ ಹಿಂದೆಯೇ ಬರುತ್ತವೆ. ಹಣವಿಲ್ಲದ ಐದು ತಿಂಗಳುಗಳೇ ಅತಿ ಹೆಚ್ಚು ಖರ್ಚಿನ ತಿಂಗಳುಗಳೂ ಆಗಿರುವುದರಿಂದ, ವರ್ಷದ ಒಟ್ಟು ಲೆಕ್ಕದಲ್ಲಿ ಉಳಿತಾಯವಿರುವ ಮನೆಯೂ ಸಾಲದ ಬಾಗಿಲಿಗೆ ಹೋಗುತ್ತದೆ. ಇದು ದುಂದುವೆಚ್ಚದ ಫಲವಲ್ಲ, ಕಾಲ ಹೊಂದದಿರುವುದರ ಫಲ. ಈ ಭೇದವನ್ನು ಅರಿಯದೆ ಸಾಲಗಾರ ಕುಟುಂಬವನ್ನು ಜರೆಯುವುದರಿಂದ ಪ್ರಯೋಜನವಿಲ್ಲ.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಮನೆಯನ್ನು ತೆಗೆದುಕೊಳ್ಳಬಹುದು. ಹಿರಿಯ ದಂಪತಿ, ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಆರು ಮೊಮ್ಮಕ್ಕಳು; ಒಟ್ಟು 14 ಜನ. ಒಕ್ಕಲುತನದ ಖರ್ಚು ಕಳೆದು ಹೊಲದಿಂದ ವರ್ಷಕ್ಕೆ 3,00,000 ರೂ. ಉಳಿಯುತ್ತದೆ. ಒಬ್ಬ ಮಗನು ಹುಬ್ಬಳ್ಳಿಯಲ್ಲಿ ವಾಹನ ಚಾಲಕನಾಗಿ ತಿಂಗಳಿಗೆ 15,000 ರೂ. ತರುತ್ತಾನೆ. ಹಾಲಿನಿಂದ ತಿಂಗಳಿಗೆ 5,000 ರೂ. ಬರುತ್ತದೆ. ವರ್ಷದ ಒಟ್ಟು ಆದಾಯ 5,40,000 ರೂ.

ಖರ್ಚಿನಲ್ಲಿ ಕಿರಾಣಿ ಮತ್ತು ಆಹಾರಕ್ಕೆ 1,92,000, ವಿದ್ಯಾಭ್ಯಾಸಕ್ಕೆ 60,000, ಔಷಧೋಪಚಾರಕ್ಕೆ 36,000, ಹಬ್ಬ ಮತ್ತು ಬಟ್ಟೆಗೆ 48,000, ವಿದ್ಯುತ್, ಅನಿಲ, ಮೊಬೈಲ್, ಪ್ರಯಾಣಕ್ಕೆ 60,000. ಒಟ್ಟು 3,96,000 ರೂ. ಉಳಿಯುವುದು 1,44,000; ತಿಂಗಳಿಗೆ 12,000 ರೂ. ಈ ಹನ್ನೆರಡು ಸಾವಿರವೇ ಈ ಮನೆಯ ನಿಜವಾದ ಸಾಲ ತೀರಿಸುವ ಶಕ್ತಿ. ಇದಕ್ಕಿಂತ ಹೆಚ್ಚಿನ ಕಂತಿಗೆ ಯಾರು ಸಹಿ ಹಾಕಿದರೂ ಅದು ಇನ್ನೊಂದು ಸಾಲದಿಂದಲೇ ತೀರಬೇಕಾಗುತ್ತದೆ.

ಈಗ ಕಾಲದ ಲೆಕ್ಕ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಈ ಮನೆಗೆ ಬರುವುದು ಸಂಬಳ ಮತ್ತು ಹಾಲಿನ 20,000 ರೂ. ಮಾತ್ರ. ಸರಾಸರಿ ಖರ್ಚು 33,000, ಸಾಲದ ಕಂತು 12,000. ಒಟ್ಟು 45,000 ರೂ. ತಿಂಗಳಿಗೆ 25,000ದ ಕೊರತೆ. ಐದು ತಿಂಗಳಿಗೆ 1,25,000 ರೂ. ಆದ್ದರಿಂದ ಕಡಲೆ, ಹತ್ತಿ ಮಾರಿದ ಹಣದಲ್ಲಿ ಇಷ್ಟು ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇರಿಸಿ, ತಿಂಗಳಿಗಿಷ್ಟೇ ಎಂದು ತೆಗೆಯುವ ಶಿಸ್ತನ್ನು ಮನೆ ಒಪ್ಪಿಕೊಳ್ಳಬೇಕು. ಸುಗ್ಗಿಯಲ್ಲಿ ಎಲ್ಲವೂ ಹೆಚ್ಚಾಗಿ ಕಾಣುತ್ತದೆ. ಆ ಹಣದ ಬಹುಪಾಲು ಈಗಾಗಲೇ ಮುಂಗಾರಿಗೆ ಸೇರಿದ್ದು ಎಂಬ ಅರಿವೇ ಮನೆಯ ಆಯವ್ಯಯದ ಮೊದಲ ಪಾಠ.

ಒಂದೇ ಹೊಲ, ಮೂರು ಸಲ ಎಣಿಕೆ

ಅವಿಭಕ್ತ ಕುಟುಂಬಗಳಿಗೆ ಅತ್ಯಂತ ಮುಖ್ಯವಾದ, ಆದರೆ ಕಡಿಮೆ ತಿಳಿದಿರುವ ಸಂಗತಿಯೊಂದು ಇಲ್ಲಿದೆ. ಕಿರುಸಾಲಗಳಿಗೆ ಸಂಬಂಧಿಸಿದ ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳು 2022ರ ಏಪ್ರಿಲ್ 1ರಿಂದ ಜಾರಿಯಾದವು. ಅವುಗಳ ಪ್ರಕಾರ ವಾರ್ಷಿಕ ಆದಾಯ 3,00,000 ರೂ. ಮೀರದ ಕುಟುಂಬಕ್ಕೆ ಯಾವುದೇ ಅಡಮಾನವಿಲ್ಲದೆ ನೀಡುವ ಸಾಲವು ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಅದರ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಆ ನಿಯಮದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು ಮಾತ್ರ.

ಅಂದರೆ ಮೇಲೆ ಹೇಳಿದ ಮನೆಯು ನಿಯಮದ ದೃಷ್ಟಿಯಲ್ಲಿ ಒಂದು ಕುಟುಂಬವಲ್ಲ. ಮೂವರು ಗಂಡುಮಕ್ಕಳ ಮೂರು ಸಂಸಾರಗಳು ಮೂರು ಕುಟುಂಬಗಳು. ಸಾಲದ ಅರ್ಜಿಯಲ್ಲಿ ಆದಾಯ ಕೇಳಿದಾಗ ಮೂವರು ಸೊಸೆಯಂದಿರೂ ಮನೆಯ ಹೊಲದ ಪೂರ್ತಿ ಆದಾಯವನ್ನೇ, ಅಂದರೆ ತಿಂಗಳಿಗೆ 25,000 ಎಂದು ಹೇಳಿದರೆ, ಒಬ್ಬೊಬ್ಬರಿಗೆ 12,500 ರೂ. ಕಂತಿನವರೆಗೆ ಸಾಲ ದೊರೆಯಬಹುದು. ಮೂರೂ ಸೇರಿ 37,500 ರೂ. ಮನೆಯ ನಿಜವಾದ ಶಕ್ತಿ 12,000 ಮಾತ್ರ. ಪ್ರತಿಯೊಂದು ಸಾಲವೂ ಕಾಗದದ ಮೇಲೆ ನಿಯಮಬದ್ಧವಾಗಿಯೇ ಇದೆ. ಒಟ್ಟುಗೂಡಿದಾಗ ಮನೆ ಮುಳುಗುತ್ತದೆ. ಒಂದೇ ಹೊಲವನ್ನು ಮೂರು ಸಲ ಎಣಿಸಿದ ಫಲವಿದು. ಇದನ್ನು ತಡೆಯಬಲ್ಲವರು ಮನೆಯವರೇ. ಕೂಡಿ ಬಾಳುವ ಕುಟುಂಬದ ಯಾವ ಸದಸ್ಯರೂ ಸಾಲದ ಅರ್ಜಿಯಲ್ಲಿ ತಮ್ಮ ಪಾಲಿಗೆ ಬರುವ ಆದಾಯವನ್ನಷ್ಟೇ ಬರೆಯಿಸಬೇಕು. ಸಹಿಗೆ ಮುನ್ನ ಮನೆಯ ಉಳಿದವರಿಗೆ ತಿಳಿಸಬೇಕು.

ಯಾವ ಸಾಲವನ್ನು ಮೊದಲು ತೀರಿಸಬೇಕು

ಹಳ್ಳಿಯ ಮಾತಿನಲ್ಲಿ ಬಡ್ಡಿ ಯಾವಾಗಲೂ ಸಣ್ಣದಾಗಿ ಕೇಳಿಸುತ್ತದೆ. ‘ನೂರಕ್ಕೆ ಮೂರು’ ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಈ ದರದಲ್ಲಿ ಮೂವತ್ತನಾಲ್ಕನೆಯ ತಿಂಗಳಿಗೆ ಕಟ್ಟಿದ ಬಡ್ಡಿಯೇ ಅಸಲನ್ನು ಮೀರುತ್ತದೆ. ‘ನೂರಕ್ಕೆ ಐದು’ ಆದರೆ ಇಪ್ಪತ್ತು ತಿಂಗಳು ಸಾಕು. ಕರ್ನಾಟಕ ಲೇವಾದೇವಿದಾರರ ಅಧಿನಿಯಮ, 1961ರ ಅಡಿಯಲ್ಲಿ ನಿಗದಿಯಾದ ಗರಿಷ್ಠ ಬಡ್ಡಿ ಅಡಮಾನವಿದ್ದ ಸಾಲಕ್ಕೆ ವರ್ಷಕ್ಕೆ ಶೇ. 14, ಅಡಮಾನವಿಲ್ಲದ ಸಾಲಕ್ಕೆ ಶೇ. 16 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅತಿಯಾದ ಬಡ್ಡಿ ವಿಧಿಸುವುದನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆಯೂ 2004ರಿಂದ ರಾಜ್ಯದಲ್ಲಿದೆ.

ಅದೇ ಮನೆಗೆ ನಾಲ್ಕು ಸಾಲಗಳಿವೆ ಎಂದುಕೊಳ್ಳಬಹುದು: ಸಹಕಾರ ಸಂಘದ ಬಡ್ಡಿರಹಿತ ಬೆಳೆಸಾಲ 2,00,000, ಶೇ. 12ರ ಬಂಗಾರದ ಸಾಲ 80,000, ಶೇ. 24ರ ಕಿರುಸಾಲ 90,000, ತಿಂಗಳ ಕಂತು 5,000. ನೂರಕ್ಕೆ ಮೂರರ ಕೈಗಡ 60,000.

ಬೆಳೆಸಾಲವು ಎಲ್ಲಕ್ಕಿಂತ ದೊಡ್ಡದಾದರೂ ಎಲ್ಲಕ್ಕಿಂತ ಹಗುರವಾದದ್ದು. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ದೊರೆಯುವ ಬಡ್ಡಿರಹಿತ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು 2023–24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಈ ರಿಯಾಯಿತಿ ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ. ಬೆಳೆಸಾಲವನ್ನು ಬೆಳೆಗೇ ಬಳಸಿದ್ದರೆ ಮಾರಾಟದ ಹಣದಿಂದಲೇ ತೀರುತ್ತದೆ. ಮದುವೆಗೆ ಬಳಸಿದರೆ ಗಡುವು ತಪ್ಪುತ್ತದೆ, ಬಡ್ಡಿಯ ರಿಯಾಯಿತಿಯೂ ಹೋಗುತ್ತದೆ.

ಉಳಿದ ಮೂರರಲ್ಲಿ ಮೊದಲು ತೀರಬೇಕಾದದ್ದು ಮೊತ್ತದಲ್ಲಿ ಸಣ್ಣದಾದ ಕೈಗಡ. 80,000ದ ಬಂಗಾರದ ಸಾಲಕ್ಕೆ ವರ್ಷದ ಬಡ್ಡಿ 9,600. 60,000ದ ಕೈಗಡಕ್ಕೆ 21,600. ತಿಂಗಳಿಗೆ ಬಡ್ಡಿಯ 1,800 ರೂ. ಮಾತ್ರ ಕೊಡುತ್ತಾ ಹೋದರೆ ವರ್ಷದ ಕೊನೆಗೆ 21,600 ಹೋಗಿ 60,000 ಹಾಗೆಯೇ ಉಳಿಯುತ್ತದೆ. ಬದಲಾಗಿ, ಹನ್ನೆರಡು ಸಾವಿರದಲ್ಲಿ ಕಿರುಸಾಲದ ಕಂತು 5,000, ಬಂಗಾರದ ಬಡ್ಡಿ 800 ತೆಗೆದು, ಉಳಿದ 6,200 ರೂಪಾಯಿಯನ್ನು ಪ್ರತಿ ತಿಂಗಳು ಕೈಗಡಕ್ಕೆ ಕಟ್ಟಿದರೆ ಹನ್ನೆರಡು ತಿಂಗಳಲ್ಲಿ ಅದು ಪೂರ್ತಿ ತೀರುತ್ತದೆ. ಮರುವರ್ಷ ಅದೇ 6,200 ರೂ. ಕಿರುಸಾಲದ ಕಡೆ ತಿರುಗಬಹುದು. ಕಿರುಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ವಿಧಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೈಗಡಕ್ಕೆ ಅಸಲು ಕಟ್ಟಿದಾಗಲೆಲ್ಲ ಬರಹದ ರಸೀದಿ ಪಡೆಯುವುದು ಇಲ್ಲಿ ಕಡ್ಡಾಯವೆಂದೇ ತಿಳಿಯಬೇಕು.

ಸಾಲ ತೀರುತ್ತಿರುವಾಗ ಹೊಸ ಆಪತ್ತು ಬಂದು ಎಲ್ಲವನ್ನೂ ಕೆಡಿಸದಂತೆ ಸಣ್ಣ ರಕ್ಷಣೆಗಳಿವೆ. ಪ್ರಧಾನ ಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂ., ಜೀವನ ಜ್ಯೋತಿ ವಿಮೆಗೆ 436 ರೂ.; ಎರಡರಲ್ಲೂ 2 ಲಕ್ಷದ ರಕ್ಷಣೆ. ಬೆಳೆ ವಿಮೆಯಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತರ ವಂತಿಗೆ ವಿಮಾ ಮೊತ್ತದ ಶೇ. 2 ಮುಂಗಾರಿಗೆ, ಶೇ. 1.5 ಹಿಂಗಾರಿಗೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5. ದುಡಿಯುವ ಕೈ ಒಂದು ಬಿದ್ದರೆ ಹದಿನಾಲ್ಕು ಬಾಯಿಗಳಿಗೆ ತಟ್ಟುವ ಮನೆಯಲ್ಲಿ ಈ ವಂತಿಗೆಗಳು ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿರಬೇಕು.

ಸಾಲ ಯಾರ ಮೇಲೆ ಬರುತ್ತದೆ

‘ಅಪ್ಪನ ಸಾಲ ಮಗನ ತಲೆಗೆ’ ಎಂಬ ಮಾತು ಹಳ್ಳಿಗಳಲ್ಲಿ ಕಾನೂನಿನಂತೆ ಉಳಿದಿದೆ. ಆದರೆ 2005ರ ತಿದ್ದುಪಡಿಯ ನಂತರ ಹಿಂದೂ ಉತ್ತರಾಧಿಕಾರ ಅಧಿನಿಯಮದ 6ನೆಯ ಪ್ರಕರಣದಂತೆ, ಆ ತಿದ್ದುಪಡಿಯ ಬಳಿಕ ತಂದೆ, ಅಜ್ಜ, ಮುತ್ತಜ್ಜ ಮಾಡಿದ ಸಾಲವನ್ನು ಕೇವಲ ಮಗನ ಧಾರ್ಮಿಕ ಹೊಣೆ ಎಂಬ ಕಾರಣಕ್ಕೆ ವಸೂಲು ಮಾಡುವಂತಿಲ್ಲ. ಮೃತರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಸ್ವತಃ ಸಹಿ ಹಾಕಿದ್ದರೆ ಅಥವಾ ಜಾಮೀನು ನಿಂತಿದ್ದರೆ ಮಾತು ಬೇರೆ. ಕುಟುಂಬದ ಯಜಮಾನನು ಮನೆಯ ನಿಜವಾದ ಅಗತ್ಯಕ್ಕಾಗಿ ಮಾಡಿದ ಸಾಲವು ಕೂಡು ಆಸ್ತಿಯನ್ನು ಬಾಧಿಸಬಹುದು. ಆದ್ದರಿಂದ ಯಾವ ಸಾಲ ಯಾವುದಕ್ಕೆ ಖರ್ಚಾಯಿತು ಎಂಬ ಬರಹ ಮುಂದೆ ಎಲ್ಲರನ್ನೂ ಕಾಯುತ್ತದೆ.

ಇದರಲ್ಲಿ ಹೆಚ್ಚು ನೋಯುವವರು ಸೊಸೆಯಂದಿರು. ಸಂಘದ ಸಾಲ ಅವರ ಹೆಸರಿನಲ್ಲಿರುತ್ತದೆ. ಹಣ ಕೊಳವೆಬಾವಿಗೋ ನಾದಿನಿಯ ಮದುವೆಗೋ ಹೋಗಿರುತ್ತದೆ. ಮನೆ ಪಾಲಾದಾಗ ಹೊಲವನ್ನು ಅಳತೆ ಮಾಡಿ ಹಂಚಲಾಗುತ್ತದೆ, ಸಾಲ ಮಾತ್ರ ಸಹಿ ಮಾಡಿದವಳಲ್ಲಿ ಉಳಿಯುತ್ತದೆ. ಪಾಲಿನ ಮಾತುಕತೆಗೆ ಹಿರಿಯರಾಗಿ ಕೂಡುವ ಸದಸ್ಯರು ಹೊಲದ ಚಕಬಂದಿಗಿಂತ ಮುಂಚೆ ಎಲ್ಲ ಸಾಲಗಳ ಪಟ್ಟಿಯನ್ನು ಕೇಳಬೇಕು. ಮನೆಗಾಗಿ ಮಾಡಿದ ಸಾಲವು ಯಾರ ಹೆಸರಿನಲ್ಲಿದ್ದರೂ ಪಾಲಿನ ಪತ್ರದಲ್ಲಿ ಎಲ್ಲರಿಗೂ ಹಂಚಿಕೆಯಾಗುವಂತೆ ನೋಡಿಕೊಳ್ಳಬೇಕು.

ವಸೂಲಿಗೂ ಮಿತಿಯಿದೆ

ಸಾಲ ತೀರಿಸುವುದು ಸಾಲಗಾರನ ಕರ್ತವ್ಯ. ಅದನ್ನು ಕೇಳುವ ರೀತಿಗೂ ಕಾನೂನು ಗೆರೆ ಎಳೆದಿದೆ. ಕಿರುಸಾಲದ ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮುಂಚೆ ಅಥವಾ ಸಂಜೆ 6ರ ನಂತರ ಸಾಲಗಾರರನ್ನು ಸಂಪರ್ಕಿಸುವಂತಿಲ್ಲ. ಬಂಧುಗಳಿಗೆ, ನೆರೆಯವರಿಗೆ ಕಿರುಕುಳ ಕೊಡುವಂತಿಲ್ಲ. ಸಾಲದ ವಿವರವುಳ್ಳ ಕಾರ್ಡನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. 2025ರಲ್ಲಿ ರಾಜ್ಯವು ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಮೊದಲು ಅಧ್ಯಾದೇಶವನ್ನೂ ಅನಂತರ ಕಾಯ್ದೆಯನ್ನೂ ತಂದಿತು. ದಬ್ಬಾಳಿಕೆಗೆ 10 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂ. ವರೆಗೆ ದಂಡವನ್ನು ಅದು ವಿಧಿಸುತ್ತದೆ.

ನ್ಯಾಯಾಲಯದ ಡಿಕ್ರಿ ಬಂದ ಮಾತ್ರಕ್ಕೆ ಎಲ್ಲವೂ ಹೋಗುವುದಿಲ್ಲ ಎಂಬುದನ್ನೂ ಜನರಿಗೆ ತಿಳಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣದಂತೆ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಕ್ಕಳು ಬಿಟ್ಟಿರಲಾಗದ ಆಭರಣ, ಕೃಷಿಕನ ಜೀವನೋಪಾಯಕ್ಕೆ ಬೇಕಾದ ಒಕ್ಕಲುತನದ ಉಪಕರಣ, ದನ ಮತ್ತು ಬೀಜದ ಧಾನ್ಯಗಳನ್ನು ಜಪ್ತಿ ಮಾಡುವಂತಿಲ್ಲ. ತಾಳಿಗೆ ಕೈ ಹಾಕುವೆನೆಂಬ ಬೆದರಿಕೆಗೆ ಹೆದರಿ ಜೀವ ಕಳೆದುಕೊಳ್ಳಬೇಕಾದ ಸ್ಥಿತಿ ಯಾರಿಗೂ ಇಲ್ಲ.

ಸದಸ್ಯರು ಮಾಡಬಹುದಾದದ್ದು

ಈ ನೆಲಕ್ಕೆ ಸಾಲದಿಂದ ಬಿಡುಗಡೆಯ ದಾರಿ ಹುಡುಕಿದ ಹಿರಿಮೆಯಿದೆ. 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದು ಆಗ ಒಂದೇ ವರ್ಷವಾಗಿತ್ತು. ಊರಿನ ಹಣವನ್ನು ಊರಿನವರೇ ಕೂಡಿಸಿ, ಊರಿನವರ ಎದುರಿಗೇ ಲೆಕ್ಕವಿಟ್ಟು ಸಾಲ ಕೊಡಬಹುದೆಂಬುದನ್ನು ಆ ಸಣ್ಣ ಹಳ್ಳಿ ತೋರಿಸಿಕೊಟ್ಟಿತು. ಬಹಿರಂಗ ಲೆಕ್ಕವೇ ಅದರ ತಿರುಳು. ಅದೇ ತಿರುಳನ್ನು ಮನೆಯೊಳಗೆ ತರಬೇಕಾಗಿದೆ.

ಇದಕ್ಕಾಗಿ ಪ್ರತಿಯೊಂದು ಗ್ರಾಮ ಪಂಚಾಯತಿಯು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು.

1. ಮಹಿಳಾ ಗ್ರಾಮ ಸಭೆಯಲ್ಲಿ ಮನೆಯ ಆಯವ್ಯಯ ಮತ್ತು ಸಾಲವನ್ನು ಒಂದು ವಿಷಯವಾಗಿ ಸೇರಿಸುವುದು. ಯಾರ ಮನೆಯ ಸಾಲವನ್ನೂ ಸಭೆಯಲ್ಲಿ ಹೆಸರಿಸದೆ ಲೆಕ್ಕದ ವಿಧಾನವನ್ನಷ್ಟೇ ವಿವರಿಸುವುದು.

2. ಕೂಡು ಕುಟುಂಬಗಳಿಗೆ ಒಂದು ದಪ್ಪ ವಹಿಯನ್ನು ಇಡಲು ಪ್ರೇರೇಪಿಸುವುದು. ಅದರಲ್ಲಿ ಮೂರು ಭಾಗ ಸಾಕು: ಬಂದದ್ದು, ಹೋದದ್ದು, ಯಾರ ಹೆಸರಿನಲ್ಲಿ ಎಷ್ಟು ಸಾಲ. ಎತ್ತುಗಳಿಗೆ ಬಿಡುವಿರುವ ಅಮಾವಾಸ್ಯೆಯ ದಿನ ಮನೆಯವರೆಲ್ಲರೂ, ಸೊಸೆಯಂದಿರೂ ಸೇರಿ, ಅದನ್ನು ಓದಿಸಿ ಕೇಳುವ ರೂಢಿಯನ್ನು ಬೆಳೆಸುವುದು. ಹೈಸ್ಕೂಲಿನಲ್ಲಿ ಓದುವ ಮಗ ಅಥವಾ ಮಗಳು ಈ ವಹಿಯನ್ನು ಬರೆಯಬಲ್ಲರು.

3. ಗ್ರಂಥಾಲಯದಲ್ಲಿ ಮತ್ತು ಪಂಚಾಯತಿಯ ಫಲಕದಲ್ಲಿ ಕಾನೂನುಬದ್ಧ ಬಡ್ಡಿಯ ದರ, ವಸೂಲಿಯ ಸಮಯ ಹಾಗೂ ನೆರವಿನ ಸಂಖ್ಯೆಗಳನ್ನು ಪ್ರಕಟಿಸುವುದು: ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳ ದೂರಿಗೆ 14448, ಉಚಿತ ಕಾನೂನು ನೆರವಿಗೆ 15100, ಮೊಬೈಲ್ ಸಾಲದ ವಂಚನೆಗೆ 1930, ಮನೋವ್ಯಥೆಯಲ್ಲಿರುವವರಿಗೆ 14416. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ.

4. ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಸಲಹೆಗಾರರನ್ನು ಮಾರ್ಚ್ ತಿಂಗಳಲ್ಲಿಯೇ, ಅಂದರೆ ಸುಗ್ಗಿಯ ಹಣ ಕೈಯಲ್ಲಿರುವಾಗಲೇ ಊರಿಗೆ ಕರೆಸುವುದು. ಜೂನ್‌ನಲ್ಲಿ ಬಂದ ಸಲಹೆಗೆ ಉಳಿಸಲು ಹಣವಿರುವುದಿಲ್ಲ.

5. ಸರಳ ಮತ್ತು ಸಾಮೂಹಿಕ ವಿವಾಹಗಳಿಗೆ ಸಮುದಾಯ ಭವನವನ್ನು ಒದಗಿಸುವುದು. ಊರಿನ ಮುಂದಾಳುಗಳ ಮನೆಯ ಮದುವೆ ಸರಳವಾದರೆ ಉಳಿದವರಿಗೆ ಸರಳವಾಗುವ ಧೈರ್ಯ ಬರುತ್ತದೆ.

6. ಗೃಹಲಕ್ಷ್ಮಿಯ ತಿಂಗಳ 2,000 ರೂ. ಪಡಿತರ ಚೀಟಿಯಲ್ಲಿನ ಯಜಮಾನಿಗೆ ಬರುವ ನೆರವು. ಅದನ್ನು ಹೊಸ ಸಾಲದ ಕಂತಿಗೆ ಆಧಾರವಾಗಿ ತೋರಿಸದೆ, ಔಷಧ ಮತ್ತು ಮಕ್ಕಳ ಓದಿನ ಖರ್ಚಿಗೆ ಮೀಸಲಿಡುವಂತೆ ತಿಳಿಹೇಳುವುದು.

ಕೊನೆಯದಾಗಿ ಒಂದು ಮಾತು. ಸಾಲವನ್ನು ಮುಚ್ಚಿಡುವುದು ಮನೆಯ ಮಾನವನ್ನು ಕಾಯುವ ದಾರಿ ಎಂದು ಬಹಳ ಮಂದಿ ನಂಬಿದ್ದಾರೆ. ಹಾಸಿಗೆಯ ಉದ್ದವನ್ನು ಅರಿಯದೆ ಕಾಲು ಚಾಚಿದವರು ಮಾತ್ರ ತೊಂದರೆಗೆ ಸಿಲುಕುತ್ತಾರೆ ಎಂದೂ ತಿಳಿದಿದ್ದಾರೆ. ದೊಡ್ಡ ಕುಟುಂಬದಲ್ಲಿ ಹಾಸಿಗೆ ಒಂದೇ, ಕಾಲು ಚಾಚುವವರು ಹಲವರು. ಒಬ್ಬರ ಕಾಲು ಇನ್ನೊಬ್ಬರಿಗೆ ಕಾಣಿಸದಿದ್ದರೆ ಯಾರ ತಪ್ಪೂ ಇಲ್ಲದೆ ಹಾಸಿಗೆ ಸಾಲದಾಗುತ್ತದೆ. ಮೊದಲ ಅಮಾವಾಸ್ಯೆಯಂದು ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆದ ಮನೆಯು ಆ ದಿನವೇ ಸಾಲಮುಕ್ತವಾಗುವುದಿಲ್ಲ; ಆದರೆ ಅಂದಿನಿಂದ ಆ ಸಾಲ ಒಬ್ಬರದಾಗಿ ಉಳಿಯದೆ ಎಲ್ಲರದಾಗುತ್ತದೆ, ಮತ್ತು ಎಲ್ಲರೂ ಹೊತ್ತ ಭಾರ ಇಳಿಯುವ ದಿನವನ್ನು ಲೆಕ್ಕ ಹಾಕಿ ಹೇಳಬಹುದಾಗುತ್ತದೆ. ಈ ಒಂದು ಹಾಳೆಯನ್ನು ತಮ್ಮ ವಾರ್ಡಿನ ಮನೆಗಳಿಗೆ ತಲುಪಿಸುವ ಕಾರ್ಯವನ್ನು ಸದಸ್ಯರು ಮೊದಲು ತಮ್ಮ ಸ್ವಂತ ಮನೆಯಿಂದಲೇ ಆರಂಭಿಸುವುದು ಯೋಗ್ಯವಾಗಿದೆ.